ಟೈಲರಮ್ಮನ ಮಾರಿಸ್ ಮೈನರ್

ಟೈಲರಮ್ಮನ ಮನೆಯಲ್ಲಿ ಎರಡು ಬಗೆಯ ಎಣ್ಣೆ ವಾಸನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ತೆಳು ಎಣ್ಣೆಯದು, ಹಿಂದಿನ ಶೆಡ್ಡಿನಲ್ಲಿ ಗಂಡ ಮೇಷ್ಟ್ರ ಕಾರಿನ ದಪ್ಪ ಎಣ್ಣೆಯದು. ನಡುವೆ ಅಡುಗೆಮನೆಯೇ ಗಡಿ. ಮೇಷ್ಟ್ರು ಆ ಗಡಿ ದಾಟಿ ಈಚೆ ಬರಬೇಕಾದರೆ ಮೊಣಕೈತನಕ ಸೋಪು ಹಚ್ಚಿ ತೊಳೆದುಕೊಳ್ಳಬೇಕು. ಟೈಲರಮ್ಮ ಅಂತೂ ಆಚೆ ಕಾಲಿಡುತ್ತಿರಲಿಲ್ಲ. ಮದುವೆಯಾದ ಹೊಸದರಿಂದ ಮಗಳ ಮದುವೆಯಾದ ಮೇಲೂ ಈ ಒಪ್ಪಂದ ಹೀಗೇ ನಡೆದುಕೊಂಡು ಬಂದಿತ್ತು.

ಮೇಷ್ಟ್ರು ಶಾಲೆಯಲ್ಲಿ ಭೂಗೋಳ ಹೇಳುತ್ತಿದ್ದವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮುದ್ರಣಾಲಯದ ಹಿತ್ತಲಲ್ಲಿ ಆ ಕಾರು ಅವರ ಕಣ್ಣಿಗೆ ಬಿತ್ತು. ಇಂಗ್ಲೆಂಡಿನಲ್ಲಿ ತಯಾರಾದ ಮಾರಿಸ್ ಮೈನರ್. ಗುಂಡು ಬೆನ್ನಿನ, ಬಟಾಣಿ ಬಣ್ಣದ ಪುಟ್ಟ ಗಾಡಿ. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ಎಡಕ್ಕೋ ಬಲಕ್ಕೋ ತಿರುಗುವಾಗ ಅದರಲ್ಲಿ ದೀಪ ಮಿಣುಕುತ್ತಿರಲಿಲ್ಲ, ಬಾಗಿಲ ಪಕ್ಕದ ಕಂಬದೊಳಗಿಂದ ಒಂದು ಚಿಕ್ಕ ಕಿತ್ತಳೆ ಬಣ್ಣದ ಕೈ ಹೊರಗೆ ಚಾಚಿಕೊಳ್ಳುತ್ತಿತ್ತು. ಆ ಕೈ ನೋಡಿಯೇ ಮೇಷ್ಟ್ರು ಸೋತುಹೋದರು.

ಆ ವರ್ಷ ಮನೆಗೆ ಬರಬೇಕಿದ್ದದ್ದು ಮೋಟಾರು ಕೂರಿಸಿದ ಹೊಲಿಗೆ ಯಂತ್ರ. ಬಂದದ್ದು ಕೋಳಿ ಹಿಕ್ಕೆ ಮೆತ್ತಿಕೊಂಡ ಕಾರು. ಟೈಲರಮ್ಮ ಬಾಗಿಲಲ್ಲಿ ನಿಂತು, ನಾಲ್ಕು ಜನ ಅದನ್ನು ತಳ್ಳಿಕೊಂಡು ಬರುವುದನ್ನು ಕಣ್ಣು ಮಿಟುಕಿಸದೆ ನೋಡಿದರು.

"ಆರತಿ ಎತ್ತಬೇಕಾ ನಿಮ್ಮ ಮಹಾರಾಣಿಗೆ?" ಎಂದರು.

ಅಂದಿನಿಂದ ಅದಕ್ಕೆ ಸವತಿ ಎಂದೇ ಹೆಸರು. ಭಾನುವಾರ ಬೆಳಗ್ಗೆ ಮೇಷ್ಟ್ರು ಕಾಣಿಸದಿದ್ದರೆ, "ಎಲ್ರೀ, ನನ್ನ ಸವತಿ ಹತ್ರಾನಾ?" ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದರು. ಮೇಷ್ಟ್ರು ಗಾಡಿಯ ಕೆಳಗಿನಿಂದಲೇ "ಹ್ಞೂಂ" ಎನ್ನುತ್ತಿದ್ದರು. ಬಿಡಿಭಾಗಗಳು ಸಮುದ್ರ ದಾಟಿ ಅಂಚೆಯಲ್ಲಿ ಬರುತ್ತಿದ್ದವು. ಒಂದು ರಬ್ಬರ್ ಉಂಗುರ ಬಂದ ದಿನ ಮೇಷ್ಟ್ರ ಮುಖದಲ್ಲಿ ಹಬ್ಬ. ಸೀಟಿನ ಹೊದಿಕೆ ಕಿತ್ತುಹೋದಾಗ ಮಾತ್ರ ಅವರು ಬೆಕ್ಕಿನ ಹೆಜ್ಜೆಯಲ್ಲಿ ಮುಂದಿನ ಕೋಣೆಗೆ ಬಂದು ನಿಂತಿದ್ದುಂಟು.

"ನನ್ನ ಸೂಜಿ ಅವಳನ್ನ ಮುಟ್ಟಲ್ಲ" ಎಂದು ಟೈಲರಮ್ಮ ತಲೆ ಎತ್ತದೆ ಹೇಳಿದ್ದರು. ಮೇಷ್ಟ್ರು ಬೇರೆ ಟೈಲರನ ಹತ್ತಿರ ಹೊಲಿಸಿದರು. ಹೊಲಿಗೆ ಸೊಟ್ಟಗಿತ್ತು. ಅದನ್ನು ಕಿಟಕಿಯಿಂದ ನೋಡಿದ ಆಕೆ ಪರದೆ ಎಳೆದುಕೊಂಡರು.

ನಿವೃತ್ತಿಯಾದ ಮರುವರ್ಷ, ಒಂದು ಬೆಳಗ್ಗೆ ಮೇಷ್ಟ್ರು ಹಲ್ಲುಜ್ಜುತ್ತ ನಿಂತವರು ಹಾಗೇ ಗೋಡೆಗೆ ಒರಗಿ ಕುಸಿದರು. ಪಾರ್ಶ್ವವಾಯು. ಆಸ್ಪತ್ರೆಯಿಂದ ಬಂದಾಗ ಬಲಗೈ ಒಣಹಾಕಿದ ಬಟ್ಟೆಯ ಹಾಗೆ ತೂಗಾಡುತ್ತಿತ್ತು. ಕೋಲು ಹಿಡಿದು ನಡೆಯಬಲ್ಲರು. ಹೇಳಿದ್ದು ಅರ್ಥವಾಗುತ್ತಿತ್ತು. ಆದರೆ ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದ ಆ ಬಾಯಲ್ಲಿ ಒಂದೇ ಒಂದು ಶಬ್ದ ಉಳಿದಿತ್ತು: "ನಾಳೆ."

"ನೀರು ಬೇಕೇನ್ರೀ?"

"ನಾಳೆ."

"ಕಾಲು ನೋಯ್ತಿದ್ಯಾ?"

"ನಾಳೆ, ನಾಳೆ."

ತಾವು ಹೇಳಬೇಕಾದದ್ದು ಅದಲ್ಲ ಎಂದು ಅವರಿಗೇ ತಿಳಿಯುತ್ತಿತ್ತು. ಹಲ್ಲು ಕಚ್ಚಿ ಮತ್ತೆ ಪ್ರಯತ್ನಿಸಿದರೆ ಮತ್ತೆ ಅದೇ. ಕೊನೆಗೆ ಮುಖ ತಿರುಗಿಸಿಕೊಂಡು ಕೂರುತ್ತಿದ್ದರು. ಮಾತಿನ ಚಿಕಿತ್ಸೆ ಕೊಡುವ ಹೆಣ್ಣುಮಗಳು ವಾರಕ್ಕೆರಡು ಸಲ ಮನೆಗೆ ಬಂದು ಬಟ್ಟಲು, ನಾಯಿ, ಮರ ಎಂದು ಚಿತ್ರದ ಕಾರ್ಡುಗಳನ್ನು ಮುಂದೆ ಹಿಡಿಯುತ್ತಿದ್ದಳು. ತಾಳ್ಮೆಯ ಹುಡುಗಿ. ಆದರೂ ಕಾರ್ಡುಗಳು ಮುಂದೆ ಸಾಗಲಿಲ್ಲ.

ಎರಡು ಬೀದಿ ಆಚೆ ಬೇಕರಿ ನಡೆಸುತ್ತಿದ್ದ ಮಗಳು ಒಂದು ದಿನ ಮಾತು ತೆಗೆದಳು. "ಅಮ್ಮ, ಆ ಗಾಡಿ ಸುಮ್ನೆ ಕೊಳೀತಿದೆ. ಮದುವೆಗೆಲ್ಲ ಹಳೇ ಕಾರು ಬಾಡಿಗೆಗೆ ಬಿಡೋರು ಒಬ್ರು ಕೇಳ್ತಿದಾರೆ. ಕೊಟ್ಬಿಡೋಣ. ಆ ಜಾಗದಲ್ಲಿ ಅಪ್ಪಂಗೆ ಮೆಟ್ಟಿಲು ಹತ್ತೋ ಕಷ್ಟ ಇಲ್ದಂಗೆ ಕೆಳಗೇ ಒಂದು ಸ್ನಾನದ ಮನೆ ಕಟ್ಟಿಸಬಹುದು."

"ಪೀಡೆ ತೊಲಗಲಿ" ಎಂದರು ಟೈಲರಮ್ಮ. ಹೇಳಿದ ಮೇಲೆ ಹಗುರವಾಗಬೇಕಿತ್ತು, ಆಗಲಿಲ್ಲ. ಯಾಕೆಂದು ಕೆದಕಲು ಹೋಗಲಿಲ್ಲ.

ಬಾಡಿಗೆ ಕಾರಿನವನದು ಒಂದೇ ಷರತ್ತು: ಗಾಡಿ ಓಡಬೇಕು. ಅಳಿಯ ಬ್ಯಾಟರಿ ಚಾರ್ಜ್ ಮಾಡಿಸಿ ತಂದು ಕೂರಿಸಿದ. ಕೀಲಿ ತಿರುಗಿಸಿ ಸ್ಟಾರ್ಟರ್ ಎಳೆದರೆ ಎಂಜಿನ್ನು ಗೊರಗೊರ ತಿರುಗುವುದೇ ಹೊರತು ಹತ್ತಿಕೊಳ್ಳದು. ಅಳಿಯ ಬೆವರು ಒರೆಸಿಕೊಂಡು ಬೇಕರಿಗೆ ಹೋದ.

ಮರುದಿನ ಟೈಲರಮ್ಮ ಏಪ್ರನ್ ಬಿಗಿದುಕೊಂಡು ತಾವೇ ಶೆಡ್ಡಿಗೆ ನಡೆದರು. ಹೊಲಿಗೆ ಯಂತ್ರ ಹಟ ಹಿಡಿದರೆ ಬಿಚ್ಚಿ ಸರಿಮಾಡುವ ಕೈ ಅದು. ಮೆಕ್ಯಾನಿಕ್ಕನ್ನು ಕರೆಸುವ ಮೊದಲು ಒಂದು ಸಲ ನೋಡಿಯೇ ಬಿಡೋಣ ಎಂಬ ಹುಂಬತನ. ಹಿಂದೆಯೇ ಕೋಲಿನ ಸದ್ದು. ಆಸ್ಪತ್ರೆಯಿಂದ ಬಂದ ಮೇಲೆ ಮೇಷ್ಟ್ರು ಶೆಡ್ಡಿನ ಕಡೆ ಬಂದದ್ದು ಅದೇ ಮೊದಲು. ಬಾಗಿಲ ಚೌಕಟ್ಟು ಹಿಡಿದು ನಿಂತರು.

ಟೈಲರಮ್ಮ ಕೀಲಿ ತಿರುಗಿಸಿದರು. ಸ್ಟಾರ್ಟರಿಗೆ ಕೈ ಹಾಕುವಷ್ಟರಲ್ಲಿ ಮೇಷ್ಟ್ರು ಎಡಗೈ ಎತ್ತಿ ತಡೆದರು. ಪಾಠ ಕೇಳದ ಹುಡುಗರನ್ನು ಸುಮ್ಮನಿರಿಸುವ ಅದೇ ಕೈ. ಕತ್ತು ವಾಲಿಸಿ ಏನನ್ನೋ ಆಲಿಸಿದರು. ಏನೂ ಕೇಳಿಸಲಿಲ್ಲ.

"ಟಿಕ್" ಎಂದರು ಮೇಷ್ಟ್ರು.

ಟೈಲರಮ್ಮ ಥಟ್ಟನೆ ತಿರುಗಿದರು. ನಾಳೆ ಅಲ್ಲದ ಮಾತು!

"ಏನ್ರೀ ಅಂದ್ರಿ?"

"ಟಿಕ್. ಟಿಕ್... ನಾಳೆ... ಅಲ್ಲ. ಪಂ... ಪಂಪು."

ಕೋಲಿನ ತುದಿಯಿಂದ ಬಾನೆಟ್ಟು ತೋರಿಸಿದರು. ಟೈಲರಮ್ಮ ಎತ್ತಿದರು. ಒಳಗೋಡೆಗೆ ಕಚ್ಚಿಕೊಂಡಂತೆ ಒಂದು ಕಪ್ಪು ಡಬ್ಬಿ. ಟ್ಯಾಂಕಿನಿಂದ ಪೆಟ್ರೋಲು ಎಳೆದು ಎಂಜಿನ್ನಿಗೆ ಕೊಡುವ ಪಂಪು ಅದು. ಕೀಲಿ ತಿರುಗಿಸಿದೊಡನೆ ಟಿಕ್ ಟಿಕ್ ಅನ್ನಬೇಕು. ತಿಂಗಳುಗಟ್ಟಲೆ ನಿಂತು ಒಳಗೇ ಅಂಟಿಕೊಂಡಿತ್ತು. ಮೇಷ್ಟ್ರು ಎಡಗೈಯಿಂದ ಗಾಳಿಯಲ್ಲಿ ಮೆಲ್ಲಗೆ ಕುಟ್ಟಿ ತೋರಿಸಿದರು. ಟೈಲರಮ್ಮ ಒಂದು ಸ್ಪ್ಯಾನರಿನ ಹಿಡಿಯಿಂದ ಡಬ್ಬಿಯ ಮೇಲೆ ಎರಡೇಟು ತಟ್ಟಿದರು.

ಟಿಕ್ ಟಿಕ್ ಟಿಕ್ ಟಿಕ್.

ಮೇಷ್ಟ್ರು ನಕ್ಕರು. ಪಾರ್ಶ್ವವಾಯುವಿನಿಂದ ಬಾಯಿ ಒಂದು ಕಡೆಗೆ ಎಳೆದಿದ್ದರಿಂದ ಅರ್ಧ ಮುಖದ ನಗು. ಟೈಲರಮ್ಮ ನಗಲಿಲ್ಲ, ಏಪ್ರನ್ನಿನ ಅಂಚಿನಿಂದ ಕಣ್ಣೊತ್ತಿಕೊಂಡು, "ಇನ್ನೇನು? ಇನ್ನೇನು ಮಾಡ್ಬೇಕು, ಹೇಳಿ" ಎಂದರು.

"ಪಾಯಿಂಟು" ಎಂದರು ಮೇಷ್ಟ್ರು, ಉಬ್ಬಸ ಬಂದವರಂತೆ.

ಪಾಯಿಂಟು ಎಂದರೆ ಎದುರುಬದುರು ಕೂರುವ ಎರಡು ಪುಟ್ಟ ಲೋಹದ ತುದಿಗಳು. ಅವು ಕೂಡಿ ಬಿಡುವ ಲೆಕ್ಕದಲ್ಲಿ ಪ್ಲಗ್ಗಿಗೆ ಕಿಡಿ. ತುದಿಗಳು ಕರಕಲಾಗಿದ್ದವು. ಅವುಗಳ ನಡುವಿನ ಸಂದು ದಪ್ಪ ಕಾಗದದಷ್ಟಿರಬೇಕು. ಅಳೆಯಲು ಎಲೆಯಂಥ ಉಕ್ಕಿನ ಪಟ್ಟಿಗಳಿದ್ದವು. ಜೀವಮಾನವಿಡೀ ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆಯ ದಪ್ಪ ತೂಗಿದವರಿಗೆ ಆ ಪಟ್ಟಿ ಬಿಗಿಯಾಗಿದೆಯೋ ಸಡಿಲವೋ ಎನ್ನುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಜ್ಜುವ ಕಾಗದದಿಂದ ತುದಿ ಉಜ್ಜಿದರು, ಸಂದು ಹೊಂದಿಸಿದರು. ಅವತ್ತು ಹತ್ತಲಿಲ್ಲ. ಮಾರನೆಯ ದಿನ ಒಂದು ಸಡಿಲ ತಂತಿ ಸಿಕ್ಕಿತು. ಅದನ್ನು ಬಿಗಿದ ಮೇಲೆ ಮಾರಿಸ್ ಮೈನರ್ ಕೆಮ್ಮಿ, ಸೀನಿ, ಶೆಡ್ಡಿನ ತಗಡನ್ನೆಲ್ಲ ನಡುಗಿಸುತ್ತ ಎದ್ದು ನಿಂತಿತು.

ಚಿಕಿತ್ಸೆಯ ಹುಡುಗಿಗೆ ವಿಷಯ ಹೇಳಿದಾಗ ಅವಳು ಕುರ್ಚಿಯಿಂದ ಜಿಗಿದೆದ್ದಳು. "ಇದನ್ನ ಮೊದಲೇ ಹೇಳೋದಲ್ವಾ ಅಮ್ಮ! ದಿನಾ ಯಾವುದರ ಬಗ್ಗೆ ಮಾತಾಡ್ತಿದ್ರು ಅಂತ ನಾನೂ ಕೇಳ್ಬೇಕಿತ್ತು." ಕಾರ್ಡುಗಳನ್ನು ಚೀಲಕ್ಕೆ ಹಾಕಿ ಅಂದಿನಿಂದ ಪಾಠವನ್ನು ಶೆಡ್ಡಿಗೇ ಸಾಗಿಸಿದಳು. ಮೇಷ್ಟ್ರ ಎಡಗೈಗೆ ಒಂದೊಂದೇ ವಸ್ತು ಕೊಡುವುದು, ಅವರು ಹೆಸರು ಹುಡುಕುವುದು. ಬೋಲ್ಟು ಬಂತು. ಗ್ಯಾಸ್ಕೆಟ್ಟು ಬಂತು. ಕಾರ್ಬೊರೇಟರು ಮೂರು ತುಂಡಾಗಿ ಬಂತು. ಚಹಾದ ಬಟ್ಟಲು ಕೊಟ್ಟರೆ ಮಾತ್ರ "ಪಿಸ್ಟನ್" ಎಂದರು.

"ಪರವಾಗಿಲ್ಲ, ಆಕಾರಕ್ಕಾದ್ರೂ ಹತ್ತಿರ ಬಂದ್ರು" ಎಂದಳು ಹುಡುಗಿ. ಮೂವರೂ ನಕ್ಕರು.

ಮಾತಿಗೆ ಸಿಗದ್ದನ್ನು ಮೇಷ್ಟ್ರು ಕೈಯಲ್ಲಿ ಹೇಳುತ್ತಿದ್ದರು. ಮುಂದಿನ ಚಕ್ರದ ಕೀಲುಗಳಿಗೆ ತಪ್ಪದೆ ಗ್ರೀಸ್ ಹೊಡೆಯಬೇಕು ಎಂಬುದನ್ನು, ಅಂಗೈಯನ್ನು ನೆಟ್ಟಗೆ ನಿಲ್ಲಿಸಿ ಫಕ್ಕನೆ ಪಕ್ಕಕ್ಕೆ ಕೆಡವಿ ತೋರಿಸಿದರು. ಕೀಲು ಸವೆದರೆ ಚಕ್ರ ಹಾಗೆ ಮಡಚಿಕೊಂಡು ಬೀಳುತ್ತದೆ ಎಂದರ್ಥ. ಟೈಲರಮ್ಮ ಗ್ರೀಸ್ ಗನ್ ಹಿಡಿದು ಚಾಪೆ ಹಾಸಿ ಗಾಡಿಯ ಕೆಳಗೆ ಮಲಗಿದರು. ಬೀದಿಯವರು ಬೇಲಿ ಮೇಲಿಂದ ಇಣುಕಿದರು. "ಏನು ನೋಡ್ತೀರ, ಮಿಷನ್ನಿಗೂ ಎಣ್ಣೆ, ಇದಕ್ಕೂ ಎಣ್ಣೆ" ಎಂದು ಕೆಳಗಿನಿಂದಲೇ ದಬಾಯಿಸಿದರು. ಆ ತಿಂಗಳು ನಾಲ್ಕು ಗಿರಾಕಿಗಳ ಬಟ್ಟೆ ತಡವಾಯಿತು.

ಈ ನಡುವೆ ಬಾಡಿಗೆ ಕಾರಿನವನು ಬಂದೇ ಬಂದ. ಸಜ್ಜನ. ಗಾಡಿ ಸುತ್ತ ಒಂದು ಸುತ್ತು ಹಾಕಿ, ಎಂಜಿನ್ನಿನ ಸದ್ದು ಕೇಳಿ, ಕಿತ್ತಳೆ ಕೈ ಹೊರಬರುವುದನ್ನು ನೋಡಿ ಮಗುವಿನಂತೆ ಖುಷಿಪಟ್ಟ. ಹೇಳಿದ ಬೆಲೆಯೂ ನ್ಯಾಯವಾಗಿತ್ತು. ಮಗಳು ತಾಯಿಯ ಮುಖ ನೋಡಿದಳು. ತಾಯಿ ಮೇಷ್ಟ್ರ ಕಡೆ ತಿರುಗಿದರು.

"ಏನ್ರೀ, ಕೊಡೋಣ್ವಾ?"

ಮೇಷ್ಟ್ರು ಹೆಂಡತಿಯ ಕೈ ನೋಡಿದರು. ಉಗುರುಗಳ ಸಂದಿನಲ್ಲಿ ಕಪ್ಪು ಕೂತಿತ್ತು, ಗೆಣ್ಣಿನ ಮೇಲೆ ಹೊಸ ಗಾಯ. ಬಹಳ ಹೊತ್ತು ತುಟಿ ಅಲ್ಲಾಡಿತು. ಕೊನೆಗೆ ಸ್ಪಷ್ಟವಾಗಿ, "ಕೊಡು. ನಿಂಗೆ... ಕಷ್ಟ" ಎಂದರು.

ಮಗಳ ಕಣ್ಣು ತುಂಬಿ ಬಂತು. ಕಾಯಿಲೆಯಾದ ಮೇಲೆ ಅಪ್ಪ ಆಡಿದ ಮೊದಲ ಪೂರ್ತಿ ಮಾತು ಅದು. ಬಾಡಿಗೆಯವನು, ವಿಷಯ ಇತ್ಯರ್ಥವಾಯಿತೆಂದುಕೊಂಡು, "ಹಾಗಾದ್ರೆ ಯಾವಾಗ ತಗೊಂಡು ಹೋಗ್ಲಿ ಅಮ್ಮಾವ್ರೆ?" ಎಂದ.

"ನಾಳೆ" ಎಂದರು ಟೈಲರಮ್ಮ.

ಮೇಷ್ಟ್ರಿಗೆ ಮೊದಲು ಅರ್ಥವಾಯಿತು. ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಡಿಗೆಯವನು ಏನೂ ತಿಳಿಯದೆ ಇಬ್ಬರನ್ನೂ ಪಿಳಿಪಿಳಿ ನೋಡಿದ.

"ತಪ್ಪು ತಿಳ್ಕೋಬೇಡಿ" ಎಂದು ಟೈಲರಮ್ಮ ಅವನಿಗೆ ಚಹಾ ಕೊಟ್ಟು ಹೇಳಿದರು. "ಇವರು ಕೊಡು ಅಂತಾರೆ, ಇವರ ಪಾಲಿಂದು ಇವರು ಕೊಡ್ಲಿ. ನನ್ನ ಪಾಲು ನಾನು ಕೊಡಲ್ಲ. ಪಂಪು ತಟ್ಟಿ, ಪಾಯಿಂಟು ಉಜ್ಜಿರೋಳು ನಾನು. ಈಗಷ್ಟೇ ಅವಳ ಗುಣ ಗೊತ್ತಾಗ್ತಿದೆ."

"ಅಮ್ಮ, ಸ್ನಾನದ ಮನೆ?" ಎಂದಳು ಮಗಳು.

"ಮುಂದಿನ ಕೋಣೆಯಲ್ಲಿ ಕಟ್ಸು. ನನ್ನ ಮಿಷನ್ನಿಗೆ ಶೆಡ್ಡಲ್ಲಿ ಜಾಗ ಇದೆ."

ಹಾಗೆಯೇ ಆಯಿತು. ಹೊಲಿಗೆ ಯಂತ್ರ ಮಾರಿಸ್ ಪಕ್ಕದಲ್ಲಿ ಬಂದು ಕೂತಿತು. ಟೈಲರಮ್ಮ ಮೊದಲು ಮಾಡಿದ ಕೆಲಸವೆಂದರೆ ಆ ಸೊಟ್ಟ ಹೊಲಿಗೆಯ ಸೀಟಿನ ಹೊದಿಕೆಯನ್ನು ಬಿಚ್ಚಿ ಎಸೆದು, ಗೆರೆ ಎಳೆದಂತೆ ನೆಟ್ಟಗೆ ಹೊಸದು ಹೊಲಿದದ್ದು.

ಗಾಡಿ ಓಡಿಸುವುದನ್ನು ರಜಾದಿನ ಶಾಲೆಯ ಮೈದಾನದಲ್ಲಿ ಕಲಿತರು. ಅಳಿಯ ಕಲಿಸಿದ, ಅವನ ಪ್ರಾಣ ಬಾಯಿಗೆ ಬಂದಿತ್ತು. ಗಾಡಿ ನಿಲ್ಲುವ ಮೊದಲೇ ಒಂದನೇ ಗೇರಿಗೆ ಹಾಕಿದರೆ ಹಲ್ಲು ಕಡಿದ ಸದ್ದು. ಪಕ್ಕದಲ್ಲಿ ಕೂತ ಮೇಷ್ಟ್ರು ತಮ್ಮ ಹಲ್ಲನ್ನೇ ಕಿತ್ತಂತೆ ಮುಖ ಕಿವುಚುತ್ತಿದ್ದರು. ಲೈಸೆನ್ಸು ಎರಡನೇ ಸಲಕ್ಕೆ ಸಿಕ್ಕಿತು.

ಮೊದಲ ದೂರದ ಸವಾರಿ ಕೆರೆ ಏರಿಯತನಕ. ದಾರಿಯ ಏರಿನಲ್ಲಿ ಗಾಡಿ ನಿಂತುಹೋಯಿತು. ಹಿಂದೆ ಬಸ್ಸಿನವನು ಹಾರ್ನ್ ಒತ್ತಿದ್ದೇ ಒತ್ತಿದ್ದು. ಟೈಲರಮ್ಮ ಮತ್ತೆ ಸ್ಟಾರ್ಟರ್ ಎಳೆದರು. ಆಗ ಮೇಷ್ಟ್ರು ಎಡಗೈಯಿಂದ ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, "ಇರಯ್ಯಾ! ಹೆಂಗಸು... ಕಲೀತಿದಾಳೆ, ಕಾಣಲ್ವಾ?" ಎಂದು ಗದರಿಸಿದರು. ಬಸ್ಸಿನವನು ಸುಮ್ಮನಾದ. ಟೈಲರಮ್ಮ ಮೆಲ್ಲಗೆ ಕ್ಲಚ್ಚು ಬಿಟ್ಟರು, ಗಾಡಿ ಏರು ಹತ್ತಿತು.

ಬಲಗೈ ಮರಳಲಿಲ್ಲ. ಮಾತು ಅಷ್ಟಿಷ್ಟು ಮರಳಿತು; ದೇಶಗಳ ಹೆಸರು, ನದಿಗಳ ಹೆಸರು ಹೋದದ್ದು ಹೋಗಿಯೇ ಹೋಯಿತು. ಮೇಷ್ಟ್ರು ಅದಕ್ಕೆ ಕೆಲವು ದಿನ ಮಂಕಾಗಿ, ಆಮೇಲೆ ಹೊಂದಿಕೊಂಡರು. ಪಕ್ಕದ ಊರಿನಲ್ಲಿ ಹಳೇ ಕಾರುಗಳ ಕೂಟ ನಡೆದಾಗಲೆಲ್ಲ ಇಬ್ಬರೂ ಹೋಗುತ್ತಾರೆ. ಅಲ್ಲಿ ಅದೇ ಕಾಲದ ಇಂಗ್ಲಿಷ್ ಗಾಡಿಗಳು ಏಳೆಂಟು ಸೇರುತ್ತವೆ. ಮೊದಲ ವರ್ಷ ಎಲ್ಲರೂ ಮೇಷ್ಟ್ರನ್ನು ಮಾತಾಡಿಸಿದರು. ಅವರು ಪ್ರತಿ ಪ್ರಶ್ನೆಗೂ ಹೆಂಡತಿಯ ಕಡೆ ಬೊಟ್ಟು ಮಾಡಿದರು. ಈಗ ಯಾರದೋ ಸೀಟು ಹರಿದಿದ್ದರೆ, ಯಾರದೋ ಎಂಜಿನ್ನು ಹತ್ತದಿದ್ದರೆ ನೇರವಾಗಿ ಟೈಲರಮ್ಮನನ್ನೇ ಹುಡುಕುತ್ತಾರೆ. ಕಳೆದ ಸಲ ಒಬ್ಬ ದಂತವೈದ್ಯರ ಗಾಡಿ ಹೊರಡುವ ಹೊತ್ತಿಗೆ ಮುಷ್ಕರ ಹೂಡಿತು. ಟೈಲರಮ್ಮ ಹುಲ್ಲಿನ ಮೇಲೆ ಚಾಪೆ ಹಾಸಿ ಅದರ ಕೆಳಗೆ ಸರಿದರು. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ಒಂದು ಕೈ ಮಾತ್ರ ಹೊರಬಂದು ಬೆರಳಾಡಿಸಿತು. ಮೇಷ್ಟ್ರು ಪೆಟ್ಟಿಗೆಯಲ್ಲಿ ಹುಡುಕಿ, ಬೇಕಾದ ಸ್ಪ್ಯಾನರನ್ನು ಆ ಕೈಗೆ ಇಟ್ಟು, ಕೋಲೂರಿಕೊಂಡು ನೆರಳಿಗೆ ಹೋಗಿ ಕೂತರು.