ಎದೆಯೆತ್ತರಕ್ಕೆ ಬಾರದ ಚೆಂಡು

ತಂಡದವರು ಅವನನ್ನು ಬೀಗ ಎನ್ನುತ್ತಿದ್ದರು. ಇನಿಂಗ್ಸ್ ಶುರುಮಾಡಲು ಇಳಿದನೆಂದರೆ ಒಂದು ತುದಿಗೆ ಬೀಗ ಬಿದ್ದಂತೆಯೇ. ಇನ್ನೊಂದು ತುದಿಯಲ್ಲಿ ಯಾರು ಹೇಗೆ ಬೇಕಾದರೂ ಹೊಡೆದಾಡಿಕೊಳ್ಳಲಿ. ಅವನ ಆಟ ನೋಡಲೆಂದು ಯಾರೂ ಟಿಕೆಟ್ ಕೊಳ್ಳುತ್ತಿರಲಿಲ್ಲ. ಅವನು ಬೇಗ ಔಟಾದ ದಿನ ಮಾತ್ರ ಎಲ್ಲರಿಗೂ ಅವನ ನೆನಪಾಗುತ್ತಿತ್ತು.

"ನೀನು ಆಡೋದು ನೋಡ್ತಾ ನೋಡ್ತಾ ಒಂದು ಸ್ವೆಟರ್ ಹೆಣೆದು ಮುಗಿಸಿದೆ ಕಣೋ," ಎಂದಿದ್ದಳು ಅವನ ಅಕ್ಕ.

"ಯಾರಿಗೆ?"

"ನಿನಗೇ. ಇನ್ನರ್ಧ ದಿನ ನಿಂತಿದ್ದಿದ್ರೆ ಟೋಪಿನೂ ಆಗ್ತಿತ್ತು."

ದೇಶಕ್ಕೆ ಆಡಿದ ವರ್ಷಗಳು ಹೆಚ್ಚೂಕಡಿಮೆ ಒಂದೇ ಥರದ ಹೋಟೆಲ್ ಕೋಣೆಗಳಲ್ಲಿ ಕಳೆದವು. ತೆರೆಯಲು ಬಾರದ ಕಿಟಕಿ, ದಪ್ಪ ಪರದೆ, ಸ್ನಾನದ ಮನೆಯ ಕಂಬಿಯ ಮೇಲೆ ಒಣಗಲು ಹಾಕಿದ ಗ್ಲೌಸ್. ಬೆಳಗಿನ ಜಾವ ಎಚ್ಚರವಾದರೆ ಸ್ವಿಚ್ಚು ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯದೆ ಗೋಡೆ ತಡವುತ್ತಿದ್ದ. ಮಗಳು ಮೊದಲ ಹೆಜ್ಜೆ ಇಟ್ಟದ್ದನ್ನು ಫೋನಿನಲ್ಲಿ ಕೇಳಿದ. ಮನೆಗೆ ಬಂದಾಗ ಅವಳು ಓಡುತ್ತಿದ್ದಳು, ಅದೂ ಅವನನ್ನು ಕಂಡು ಅಮ್ಮನ ಹಿಂದಕ್ಕೆ.

ಮೂವತ್ತಾರರಲ್ಲಿ ಏಟು ಬಿತ್ತು. ವೇಗದ ಬೌಲರ್ ನೆಲಕ್ಕೆ ಬಡಿದ ಚೆಂಡು ಪುಟಿದು ಬಂದು, ಹೆಲ್ಮೆಟ್ಟಿನ ಅಂಚಿನ ಕೆಳಗೆ, ಕಿವಿಯ ಹಿಂದಕ್ಕೆ ತಾಗಿತು. ಇಬ್ಬರು ಹೆಗಲು ಕೊಟ್ಟು ಮೈದಾನದಿಂದ ಕರೆದೊಯ್ದರು. ಮನೆಯಲ್ಲಿ ಬಹಳ ದಿನ ಬೆಳಕು ಕಂಡರಾಗುತ್ತಿರಲಿಲ್ಲ. ಅಷ್ಟರಲ್ಲಿ ಅವನ ಜಾಗಕ್ಕೆ ಬೇರೆಯವನು ಬಂದಿದ್ದ.

ಆದರೂ ಬೀಗನಿಗೆ ತಂಡದ ಜೊತೆ ಇನ್ನೊಂದು ಪ್ರವಾಸ ಬೇಕಿತ್ತು. ಇನ್ನೊಂದೇ. ಯಾರ ಹೆಗಲೂ ಇಲ್ಲದೆ, ತನ್ನ ಕಾಲಮೇಲೆ ತಾನು ನಡೆದು ಮೈದಾನದಿಂದ ಆಚೆ ಬರಬೇಕಿತ್ತು. ಆಯ್ಕೆ ಸಮಿತಿಯ ಹಿರಿಯರು, "ಅಭ್ಯಾಸ ಪಂದ್ಯ ಆಡು, ನೋಡೋಣ," ಎಂದಿದ್ದರು.

ಹೀಗೆ ಮತ್ತೆ ದಿನಾ ಬೆಳಿಗ್ಗೆ ನೆಟ್ಸ್‌ಗೆ ಹೋಗತೊಡಗಿದ. ಅಲ್ಲಿ ಚೆಂಡು ಎಸೆದುಕೊಡುವುದನ್ನೇ ಕೆಲಸ ಮಾಡಿಕೊಂಡವನೊಬ್ಬನಿದ್ದ. ಉದ್ದ ಹಿಡಿಕೆಯ ಪ್ಲಾಸ್ಟಿಕ್ ಸೌಟಿನಂಥದರಲ್ಲಿ ಚೆಂಡು ಸಿಕ್ಕಿಸಿ ಬೀಸಿದನೆಂದರೆ ವೇಗದ ಬೌಲರನೂ ತಲೆದೂಗಬೇಕು. ವರ್ಷಗಟ್ಟಲೆ ಬೀಸಿ ಅವನ ಬಲಭುಜ ಎಡಭುಜಕ್ಕಿಂತ ಕೆಳಗಿಳಿದಿತ್ತು.

"ಎಲ್ಲಾ ಬ್ಯಾಟಿನ ಮಧ್ಯಕ್ಕೇ ತಾಗ್ತಿದೆ ಅಣ್ಣಾ," ಎನ್ನುತ್ತಿದ್ದ ಎಸೆಯುವವನು.

ಹೌದು, ತಾಗುತ್ತಿತ್ತು. ಬೀಗನಿಗೆ ನಂಬಿಕೆ ಮರಳಿತು. ರೊಟ್ಟಿಗೆ ಬೆಣ್ಣೆ ಸವರುತ್ತಾ ಗುನುಗುವಷ್ಟು.

ಪಂದ್ಯಕ್ಕೆ ಎರಡು ದಿನವಿರುವಾಗ, ಮಂಡಿನೋವು ವಾಸಿಯಾಗಿ ಬಂದಿದ್ದ ವೇಗದ ಬೌಲರ್ ಒಬ್ಬ ಅವನ ನೆಟ್ಟಿಗೆ ಬಂದ. ಬಾಯಿಗೆ ಬೀಗವಿಲ್ಲದ ಆಸಾಮಿ. ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಾ ನಕ್ಕ.

"ಅಣ್ಣನಿಗೆ ಸೊಂಟದ ಮೇಲೆ ಹಾಕಬಾರ್ದು ಅನ್ನೋ ಕಾನೂನು ಇನ್ನೂ ಇದ್ಯಾ, ಎತ್ತಿದ್ರಾ?"

ಬೀಗನೂ ನಕ್ಕ. ನಗುತ್ತಲೇ ಎಸೆಯುವವನ ಕಡೆ ತಿರುಗಿದ. ಅವನು ನಗುತ್ತಿರಲಿಲ್ಲ.

"ಯಾವ ಕಾನೂನೋ?"

"ಅತ್ತಿಗೆ ಹೇಳಿದ್ರು ಅಣ್ಣಾ," ಎಂದ ಅವನು ನೆಲ ನೋಡುತ್ತಾ. "ನೀವು ವಾಪಸ್ ಬರೋ ಮುಂಚೇನೇ ಇಲ್ಲಿಗೆ ಬಂದು, ತಲೆ ಹತ್ರ ಹಾಕಬೇಡಪ್ಪಾ ಅಂದ್ರು. ನಾನೂ ಹಾಕ್ಲಿಲ್ಲ. ಬೌಲರ್‌ಗಳಿಗೂ ಹೇಳ್ದೆ."

ಇಷ್ಟು ದಿನ ಅವನು ಆಡಿದ್ದು ಚೆಂಡನ್ನಲ್ಲ, ಕರುಣೆಯನ್ನು.

ಹೆಂಡತಿ ಆಸ್ಪತ್ರೆಯ ಔಷಧಿ ಕೌಂಟರಿನ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಕೇಳಿದ. ಅವಳು ಸುಳ್ಳು ಹೇಳಲಿಲ್ಲ.

"ಹೌದು, ನಾನೇ ಹೇಳ್ದೆ."

"ನನ್ನ ಹತ್ರ ಒಂದು ಮಾತು ಹೇಳಬಾರ್ದಿತ್ತಾ?"

"ಹೇಳಿದ್ರೆ ಕೇಳೋ ಪೈಕಿನಾ ನೀವು?" ಅವಳು ಕುರ್ಚಿಯ ಅಂಚಿಗೆ ಕೂತಳು. "ಆವತ್ತು ಟೀವೀಲಿ ತಿರುಗಿ ತಿರುಗಿ ತೋರಿಸಿದ್ರು. ನಿಮಗೆ ಬಿದ್ದಿದ್ದು ಒಂದೇ ಸಲ ಕಣ್ರೀ. ನನಗೆ ಎಷ್ಟು ಸಲ ಬಿತ್ತು ಗೊತ್ತಾ?"

ಅವನ ಕೈ ಕಿವಿಯ ಹಿಂದಕ್ಕೆ ಹೋಯಿತು.

"ನೆಟ್ಸ್‌ನಲ್ಲಾದ್ರೂ ಬೀಳೋದು ಬೇಡ ಅಂದೆ. ಪಂದ್ಯದಲ್ಲಿ ಹಾಕೋರಿಗೆ ಹೇಳೋಕೆ ನಾನ್ಯಾರು?"

ಮರುದಿನ ಅವಳು ರಜೆ ಹಾಕಿ ಜೊತೆಗೆ ಬಂದಳು. ಬಲೆಯ ಹೊರಗೆ ಚೀಲವನ್ನು ಎದೆಗವಚಿಕೊಂಡು ನಿಂತಳು. ಬೀಗ ಸ್ಟಂಪಿನ ಮುಂದೆ ನಿಂತು, "ಎದೆಗೆ ಹಾಕು," ಎಂದ.

ಎಸೆಯುವವನು ಅವಳ ಮುಖ ನೋಡಿದ. ಅವಳು ಹೂಂ ಅನ್ನಲೂ ಇಲ್ಲ, ಬೇಡ ಅನ್ನಲೂ ಇಲ್ಲ.

ಚೆಂಡು ಪುಟಿದೆದ್ದು ಬಂತು. ಬೀಗ ನಿಲ್ಲಬೇಕೆಂದುಕೊಂಡ. ಹಿಂಗಾಲು ನಿಲ್ಲಲಿಲ್ಲ, ಅವನನ್ನು ಕೇಳದೆಯೇ ಲೆಗ್ ಸೈಡಿನತ್ತ, ಚೆಂಡಿನಿಂದ ದೂರ ಜಾರಿತು. ಬ್ಯಾಟು ಗಾಳಿ ಸೀಳಿತು.

"ಇನ್ನೊಂದು."

ಮತ್ತೆ ಹಾಗೇ. ಮತ್ತೊಂದಕ್ಕೂ ಹಾಗೇ. ನೆಲ ನೋಡಿದ. ಶೂಸಿನ ಮುಳ್ಳುಗಳು ಮಣ್ಣಿನ ಮೇಲೆ ಗೆರೆ ಎಳೆದಿದ್ದವು, ಎಲ್ಲವೂ ಒಂದೇ ದಿಕ್ಕಿಗೆ, ಓಡಿಹೋಗುವವನ ಗೆರೆಗಳು. ಕೊನೆಯಲ್ಲಿ ಬ್ಯಾಟಿಂಗಿಗೆ ಬರುವ ಬೌಲರ್‌ಗಳ ಕಾಲಡಿಯಲ್ಲಿ ಇಂಥ ಗೆರೆಗಳನ್ನು ಕಂಡು ಅವನೇ ಎಷ್ಟೋ ಸಲ ಗೇಲಿ ಮಾಡಿದ್ದ.

ಎಸೆಯುವವನು ಹತ್ತಿರದಲ್ಲೇ ಬುಟ್ಟಿ ತುಂಬ ಚೆಂಡುಗಳಿದ್ದರೂ ಬಲೆಯ ಮೂಲೆಗೆ ಹೋಗಿ ಒಂದನ್ನು ಹುಡುಕತೊಡಗಿದ.

"ಅಭ್ಯಾಸ ಮಾಡಿದ್ರೆ ಸರಿಹೋಗಲ್ವಾ?" ಎಂದಳು ಅವಳು ಬಲೆಯಾಚೆಯಿಂದ.

"ಇಪ್ಪತ್ತೈದರಲ್ಲಾಗಿದ್ರೆ ಹೋಗ್ತಿತ್ತು."

"ನಾನು ಹಾಗೆ ಹೇಳದೇ ಇದ್ದಿದ್ರೆ?"

ಅವನು ಗ್ಲೌಸಿನ ಪಟ್ಟಿ ಬಿಚ್ಚಿದ. "ಮೊದಲನೇ ದಿನವೇ ಗೊತ್ತಾಗ್ತಿತ್ತು. ಇಷ್ಟು ದಿನ ಖುಷಿಯಾಗಿ ಇರ್ತಿರ್ಲಿಲ್ಲ."

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಕೂತು, ಪ್ಯಾಡು ಕಟ್ಟಿಕೊಂಡೇ ಆಯ್ಕೆ ಸಮಿತಿಯ ಹಿರಿಯರಿಗೆ ಫೋನ್ ಮಾಡಿದ.

"ನಾನು ಬರಲ್ಲ ಸಾರ್. ಪಂದ್ಯಕ್ಕೂ ಇಲ್ಲ, ಪ್ರವಾಸಕ್ಕೂ ಇಲ್ಲ."

"ಅಬ್ಬಾ, ಒಳ್ಳೇದಾಯ್ತು," ಎಂದುಬಿಟ್ಟರು ಅವರು. ತಕ್ಷಣ ಕೆಮ್ಮಿದರು. "ಅಂದ್ರೆ... ಹಾಗಲ್ಲಪ್ಪ..."

"ಗೊತ್ತಾಯ್ತು ಬಿಡಿ ಸಾರ್."

"ಒಂದು ಬೀಳ್ಕೊಡುಗೆ ಪಂದ್ಯ ಅಂತ ಮಾಡೋಣ. ಜನ ಚಪ್ಪಾಳೆ ತಟ್ತಾರೆ."

"ಬೇಡ ಸಾರ್. ಆ ಪಂದ್ಯದಲ್ಲೂ ಯಾರೋ ಮೆತ್ತಗೆ ಹಾಕ್ತಾರೆ."

ಹೊರಗೆ ಬಂದಾಗ ಹೆಂಡತಿ ಕಿಟ್ ಬ್ಯಾಗಿಗೆ ಕೈ ಹಾಕಿದ್ದಳು. ಅವನು ತಡೆಯಲಿಲ್ಲ. ಒಂದು ಹಿಡಿಕೆ ಅವಳು, ಒಂದು ಹಿಡಿಕೆ ಅವನು, ಬ್ಯಾಗನ್ನು ನಡುವೆ ತೂಗಿಸಿಕೊಂಡು ಗೇಟಿನವರೆಗೆ ನಿಧಾನ ನಡೆದರು. ಅವಳ ಹೆಜ್ಜೆ ಚಿಕ್ಕದು. ಅವನು ತನ್ನದನ್ನೂ ಚಿಕ್ಕದು ಮಾಡಿಕೊಂಡ.