ಜಟ್ಟಿ ನಾಯ್ಕರ ಹೆಸರಿಲ್ಲದ ಗಿಡ
ಮಂಕಿಯ ನಿವೃತ್ತ ಬಸ್ ಕಂಡಕ್ಟರ್ ಜಟ್ಟಿ ನಾಯ್ಕರಿಗೆ ಅಂಗಳದ ಹೂಗಿಡದ್ದೇ ಚಿಂತೆ. ಬಿಸಿಲೇರಿದರೆ ಅದಕ್ಕೆ ಕೊಡೆ ಕಟ್ಟುತ್ತಾರೆ. ಮೋಡ ಕವಿದರೆ ಬೇರು ಕೊಳೆತೀತೆಂದು ಬುಡ ಕೆದಕುತ್ತಾರೆ. ಅಂಗಳಕ್ಕೆ ಬಂದವರಿಗೆಲ್ಲ, "ಅತ್ಲಾಗೆ ಹೋಗ್ಬೇಡಿ ಮಾರಾಯ್ರೆ, ಮೊಗ್ಗು ಉದುರ್ತದೆ!" ಎನ್ನುತ್ತಾರೆ. ಹೆದ್ದಾರಿಗಾಗಿ ಗುಡ್ಡ ಕಡಿಯುವ ಮುನ್ನ ಅಲ್ಲಿಂದ ತಂದ ಗಿಡವದು. ಹೆಸರು ಯಾರಿಗೂ ಗೊತ್ತಿಲ್ಲ. ಕಳೆದ ವಾರ ಅದು ನೀಲಿ ಹೂ ಬಿಟ್ಟಾಗ ಹೊನ್ನಾವರದಿಂದ ಸಸ್ಯಶಾಸ್ತ್ರದ ಮೇಷ್ಟ್ರನ್ನು ಕರೆತಂದರು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, "ಇದು ಯಾವ ಪುಸ್ತಕದಲ್ಲೂ ಕಂಡದ್ದಲ್ಲ. ಗುಡ್ಡದಲ್ಲಿ ಇನ್ನೆಷ್ಟಿವೆ?" ಎಂದು ಕೇಳಿದರು. "ಗುಡ್ಡವೇ ಇಲ್ಲ ಸರ್" ಎಂದರು ನಾಯ್ಕರು. ಆ ಸಂಜೆಯೇ ಗಿಡದ ಐದು ಟೊಂಗೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಮನೆಗೆ ಹೊರಟರು. ಪಕ್ಕದ ಮನೆಯ ವಿನುತಾ, "ಎಂತ ಗಿಡ ಇದು?" ಎಂದಳು. "ಗೊತ್ತಿಲ್ಲ. ನೆಡು ತಂಗಿ. ನಂದು ಸತ್ರೆ ನಿಂದಾದ್ರೂ ಇರ್ಲಿ."