ಬೋರಲಿಟ್ಟ ದಪ್ಪು

ಆಯಿಯ ಎಡಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ದೊಡ್ಡ ಕರೀ ಗಂಟೊಂದಿತ್ತು. ನಲವತ್ತು ವರ್ಷ ದಪ್ಪು ವಾದ್ಯದ ಕಟ್ಟಿಗೆಯ ಬಳೆ ಅಲ್ಲೇ ಕೂತು ಕೂತು ಚರ್ಮ ಕಲ್ಲಾಗಿ ಹೋಗಿತ್ತು. ಚಿಕ್ಕವನಿದ್ದಾಗ ನಾನು ಅದನ್ನು ಚಿವುಟಿ ಓಡುತ್ತಿದ್ದೆ. ಅವಳಿಗೆ ನೋವೇ ಆಗುತ್ತಿರಲಿಲ್ಲ. ಬನಹಟ್ಟಿಯ ನಮ್ಮ ಓಣಿ ಪೂರ್ತಿ ಕೇಳುವ ಹಾಗೆ ನಗುತ್ತಿದ್ದಳು, ಅಷ್ಟೆ. ಹಗಲೆಲ್ಲ ಮಗ್ಗದವರಿಗೆ ಕಂಡಿಕೆ ಸುತ್ತಿಕೊಡುವುದು ಅವಳ ಕಸುಬು. ಹೀಗಾಗಿ ಹುಬ್ಬಿನ ಮೇಲೆ ಸದಾ ನೂಲಿನ ಧೂಳು. ಯಾರಾದರೂ ಕರೆದರೆ ಧೂಳು ಒರೆಸಿಕೊಂಡು ಗೀಗೀ ಪದ ಹಾಡಲು ಹೊರಡುತ್ತಿದ್ದಳು. ನನಗೂ ಅವಳಿಗೂ ರಕ್ತಸಂಬಂಧವೇನಿಲ್ಲ. ನಮ್ಮ ಅಡುಗೆಮನೆಯ ಗೋಡೆಯಾಚೆ ಅವಳ ರಾಟೆ ತಿರುಗುತ್ತಿತ್ತು.

ಗೀಗೀ ಪದದಲ್ಲಿ ಎರಡು ಮೇಳ. ಹರದೇಶಿಯವರು ಗಂಡು ಹೆಚ್ಚು ಎಂದು ವಾದಿಸುವವರು, ನಾಗೇಶಿಯವರು ಹೆಣ್ಣು ಹೆಚ್ಚು ಎನ್ನುವವರು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ಆಯಿ ನಾಗೇಶಿ. ಎದುರಿನವರ ಮೂಗು, ಹಲ್ಲು, ನಡಿಗೆ ಎಲ್ಲವನ್ನೂ ಆಡಿಕೊಳ್ಳುವುದು ಈ ಹಾಡಿಕೆಯಲ್ಲಿ ಇದ್ದದ್ದೇ; ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಆಯಿಯ ಗುರುಮನೆಯಲ್ಲಿ ಒಂದು ನೇಮವಿತ್ತು. ಜವಾಬು ಉಳಿಸಿಕೊಂಡು ಎದ್ದವರು ತಮ್ಮ ದಪ್ಪನ್ನು ಬೋರಲು ಹಾಕಬೇಕು. ಸವಾಲು ಹಾಕಿದವರ ಎದುರು ನಿಂತು ಜವಾಬು ಹಾಡಿ, ಅವರು ‘ಮುಟ್ಟಿತು’ ಅನ್ನುವವರೆಗೆ ದಪ್ಪು ಮುಟ್ಟುವಂತಿಲ್ಲ, ಬೇರೆ ಯಾವ ಪದವನ್ನೂ ಹಾಡುವಂತಿಲ್ಲ.

ಅವಳು ಹರೆಯದಲ್ಲಿ ರನ್ನ ಬೆಳಗಲಿಯಲ್ಲಿ ಅದೇ ನೇಮ ಪಾಲಿಸುವ ಒಬ್ಬ ಹಿರಿಯ ಹರದೇಶಿಯನ್ನು ಹೀಗೆ ಕಟ್ಟಿಹಾಕಿದ್ದಳಂತೆ. ಅವರು ದಪ್ಪು ಬೋರಲು ಹಾಕಿ ಎದ್ದುಹೋದರು. ವರ್ಷ ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಸುಡುಬಿಸಿಲಿನಲ್ಲಿ ನಡೆದುಕೊಂಡು ಬಂದು ಇವಳ ಬಾಗಿಲಲ್ಲಿ ನಿಂತು ಜವಾಬು ಹಾಡಿದರು. ಇವಳು ಕಂಡಿಕೆ ಕೆಳಗಿಟ್ಟು ಪೂರ್ತಿ ಕೇಳಿ, ‘ಮುಟ್ಟಿತ್ರೀ ಯಜ್ಜಾರ’ ಎಂದು ನೀರು ಬೆಲ್ಲ ಕೊಟ್ಟಳು. ಈ ಕತೆಯನ್ನು ಹೇಳುವಾಗ ಆಯಿ ತಾನು ಗೆದ್ದದ್ದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಅವರು ನಡೆದು ಬಂದದ್ದನ್ನು ಮಾತ್ರ ನಿಧಾನವಾಗಿ ಹೇಳುತ್ತಿದ್ದಳು.

ನಾನು ಜಮಖಂಡಿಯ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದೇನೆ. ಹಾಡಿದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುವುದು ನನ್ನ ಪಾಲು. ಮುಧೋಳ ಕಡೆಯ ಒಬ್ಬ ಹುಡುಗ ಡಿಜೆ ಹಾಡು ಹಾಡಿ ನಮ್ಮ ಸೀಮೆಗೆಲ್ಲ ಸ್ಟಾರ್ ಆಗಿದ್ದ. ಟ್ರ್ಯಾಕ್ಟರುಗಳ ಹಿಂದೆ ಅವನ ಫೋಟೋ, ಅವನ ಹಾಗೆ ಕಟಿಂಗ್ ಮಾಡಿಸಿಕೊಂಡ ಹುಡುಗರು. ಆರು ಹಾಡುಗಳ ಆಲ್ಬಮ್ ಮಾಡಲು, ಆರೂ ಕುಣಿಯುವುದಕ್ಕೇ ಎಂದು, ನಮ್ಮಲ್ಲಿಗೆ ಬಂದ. ಒಂದು ಹಾಡಿಗೆ ಹಳೇ ಹೆಣ್ಣುದನಿ ಬೇಕು, ಸವಾಲು-ಜವಾಬು ಇರಬೇಕು ಎಂದ. ನಾನು ಎದೆ ಉಬ್ಬಿಸಿ ಆಯಿಯ ಹೆಸರು ಹೇಳಿದೆ. ಆ ಹೆಮ್ಮೆ ಈಗ ನೆನೆದರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಅವತ್ತು ಆಯಿ ಟವೆಲಿನಲ್ಲಿ ದಪ್ಪು ಸುತ್ತಿಕೊಂಡು ಬಸ್ಸಿನಲ್ಲಿ ಬಂದಳು. ಸ್ಟುಡಿಯೋದ ಎಸಿಗೆ ಚರ್ಮ ಸಡಿಲಾಗಿ ದಪ್ಪು ಗುಳುಗುಳು ಎನ್ನತೊಡಗಿತು. ‘ಬೆಂಕಿ ಎಲ್ಲೈತಿ?’ ಎಂದು ಕೇಳಿದಳು. ಮಾಲಕರು ಗಾಬರಿಯಾದರು. ಕೊನೆಗೆ ರಸ್ತೆಯಾಚೆಯ ಚಹಾದಂಗಡಿಗೆ ಹೋಗಿ ಒಲೆಯ ಮೇಲೆ ಚರ್ಮ ಕಾಯಿಸಿ ಬಿಗಿಮಾಡಿಕೊಂಡು ಬಂದಳು; ಸ್ಟಾರೂ ಅವಳ ಹಿಂದೆ ಹೋಗಿ ಛತ್ರಿ ಹಿಡಿದ ಹಾಗೆ ನಿಂತಿದ್ದ. ಒಳ್ಳೆಯ ಹುಡುಗ. ಸುಳ್ಳು ಹೇಳಬಾರದು, ಬಂದ ಕೂಡಲೇ ಅವಳ ಕಾಲಿಗೂ ಬಿದ್ದಿದ್ದ.

ಗಾಜಿನ ಕೋಣೆಯೊಳಗೆ ಅವಳನ್ನು ನಿಲ್ಲಿಸಿ ಕಿವಿಗೆ ಹೆಡ್‌ಫೋನ್ ಹಾಕಿದೆ. ಹೊರಗೆ ನನ್ನ ಕೈಬಳಿ ಒಂದು ಕೆಂಪು ಗುಂಡಿ ಇದೆ. ಅದನ್ನು ಒತ್ತಿ ಮಾತಾಡಿದರೆ ಒಳಗಿದ್ದವರ ಕಿವಿಯಲ್ಲೇ ಕೇಳುತ್ತದೆ. ‘ಆಯಿ, ಕೇಳಾಕತ್ತೈತೇನು?’ ಎಂದೆ. ಬೆಚ್ಚಿಬಿದ್ದು ಸುತ್ತ ನೋಡಿ ಆಮೇಲೆ ನಕ್ಕಳು. ‘ಇದು ಛಲೋ ಐತಿ ನೋಡು ತಮ್ಮಾ. ಕೇಳಿಲ್ಲ ಅಂತ ತಪ್ಪಿಸ್ಕೊಳ್ಳಾಕ ಬರೂದಿಲ್ಲ.’

ಅವಳು ಸವಾಲು ಹಾಡಿದಳು. ಆಮೇಲೆ ಸ್ಟಾರ್ ಒಳಗೆ ಹೋಗಿ ಅದಕ್ಕೆ ಜವಾಬು ಹಾಡಿ, ಕೊನೆಗೆ ಅವಳತ್ತ ಬೆರಳು ತೋರಿಸಿ ತನ್ನ ಸವಾಲು ಎಸೆದ:

‘ಹಲ್ಲು ಹೋತು, ಮಂಡಿ ಹೋತು, ಕೂದಲ ಬೆಳ್ಳಗಾತು,
ಇನ್ನೇನ ಹುಡುಕಾಕ ಬಂದಿ ಆಯಿ, ಕುಣಿಯೂ ಮಂದ್ಯಾಗ?’

ಗಾಜಿನಾಚೆ ಆಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಪೋರ ತಯಾರದಾನ’ ಎಂದಳು. ಮುಧೋಳದಲ್ಲಿ ಕಾರ್ಯಕ್ರಮವಿದೆಯೆಂದು ಅವನು ಹಾಗೇ ಕಾರು ಹತ್ತಿದ. ಆಯಿ ಒಳಗೆ ಹೋಗಿ ನಿಂತು, ‘ಅಂವ ಎಲ್ಲಿ? ಮಾರಿ ಕಾಣದ ಜವಾಬು ಹೆಂಗ ಹಾಡ್ಲಿ?’ ಎಂದಳು. ‘ಆಲ್ಬಮ್‌ನ್ಯಾಗ ಕೇಳ್ತಾರ ಆಯಿ, ಅವ್ರಷ್ಟ ಅಲ್ಲ, ಊರಿಗೂರ ಕೇಳತೈತಿ’ ಎಂದು ನಾನೇ ಒಪ್ಪಿಸಿದೆ. ಕಣ್ಣು ಮುಚ್ಚಿ ನಾಲ್ಕು ಸಾಲು ಹಾಡಿದಳು. ನನ್ನ ಕೈಮೇಲಿನ ಕೂದಲು ನಿಂತವು. ಹೋಗುವಾಗ ಕಂಪ್ಯೂಟರಿನ ಮುಂದೆ ಬಂದು ತನ್ನ ದನಿಯ ಗೆರೆಗಳನ್ನು ನೋಡಿದಳು. ನಡುವಿನ ತೆಳುಗೆರೆ ಅವಳು ಉಸಿರೆಳೆದುಕೊಂಡದ್ದು ಎಂದು ತೋರಿಸಿದೆ, ಅದನ್ನೆಲ್ಲ ತೆಗೆದುಹಾಕುತ್ತೇವೆ ಎಂದೂ ಹೇಳಿದೆ. ‘ಉಸಿರ ನೋಡಿ ಕತ್ತರಿ ಹಾಕಪಾ. ಹಾಡಿದಾಕಿ ಬದುಕಿರಬೇಕಲ್ಲ’ ಎಂದಳು.

ಮೂರನೆಯ ದಿನ ಮಾಲಕರು ನನ್ನ ಹಿಂದೆ ನಿಂತು ಕೇಳಿದರು. ‘ಹಾಡು ಉದ್ದ ಆತು. ಹುಡುಗನ ಸವಾಲ ಮುಗೀತಿದ್ದಂಗ ಬೀಟ್ ಬೀಳಬೇಕು. ಮುದುಕಿ ಜವಾಬು ಬಂದ್ರ ಕುಣ್ಯಾವ್ರು ನಿಂತಬಿಡ್ತಾರ. ತಗದಬಿಡು.’ ನಾನು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ತೆಗೆದೆ. ಕೆಲಸ ಮುಗಿದ ಮೇಲೆ ಡಿಸ್ಕಿನಲ್ಲಿ ಜಾಗ ಸಾಲದೆ ಹಸಿ ರೆಕಾರ್ಡಿಂಗನ್ನೂ ನಾನೇ ಅಳಿಸಿದೆ.

ಆಲ್ಬಮ್ ಬಂದ ವಾರದಲ್ಲೇ ಆ ಹಾಡು ಉಳಿದ ಐದನ್ನೂ ನುಂಗಿತು. ಆಯಿ ನನ್ನ ಫೋನಿಗೆ ಕಿವಿಗೊಟ್ಟು, ತನ್ನ ದನಿ ಬಂದಾಗ ತಲೆದೂಗುತ್ತ, ಅವನ ಸವಾಲು ಬಂದಾಗ ನಗುತ್ತ ಕೂತಳು. ಬೀಟ್ ಬಿತ್ತು. ಅದು ನಿಲ್ಲುವುದನ್ನು ಕಾದಳು. ಹಾಡೇ ಮುಗಿಯಿತು.

‘ಮುಂದಿಂದು?’

‘ಇಷ್ಟ ಆಯಿ.’

‘ಕತ್ತರಿ ಯಾರ ಹಾಕಿದ್ರು?’

‘ನಾನ.’

ಅವಳು ಬೈಯಲಿಲ್ಲ. ಎದ್ದು ಒಳಗೆ ಹೋಗಿ ಗೂಟದ ಮೇಲಿದ್ದ ದಪ್ಪನ್ನು ಇಳಿಸಿ ಗೋಡೆಯ ಮಾಡಿನಲ್ಲಿ ಬೋರಲು ಹಾಕಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಮೇಲೆ ಅವಳಿಗೆ ತಪ್ಪಿಸಿಕೊಳ್ಳಲು ಜಾಗವೇ ಉಳಿಯಲಿಲ್ಲ. ಓಣಿಯಲ್ಲಿ ಮದುವೆ ಮೆರವಣಿಗೆ ಹಾಯ್ದರೆ ಅದೇ ಹಾಡು. ಮಗ್ಗದ ಶೆಡ್ಡಿಗೆ ಕಂಡಿಕೆ ಕೊಡಲು ಹೋದರೆ ಅಲ್ಲಿನ ಫೋನಿನಲ್ಲಿ ಅದೇ. ಸಾವಳಗಿಯಲ್ಲಿ ಹುಡುಗರು ಸೀರೆ ಉಟ್ಟು, ಬೆನ್ನು ಬಗ್ಗಿಸಿ ಆಯಿಯಾಗಿ ಕುಣಿದ ವಿಡಿಯೋವನ್ನು ಯಾರೋ ಅವಳಿಗೇ ತಂದು ತೋರಿಸಿದರು. ಬಸ್ಸು ಹತ್ತಿದರೆ ಕಂಡಕ್ಟರ್, ‘ಇನ್ನೇನ ಹುಡುಕಾಕ ಬಂದಿ ಆಯಿ?’ ಎಂದು ರಾಗ ಎಳೆಯುತ್ತಿದ್ದ, ಬಸ್ಸಿಡೀ ನಗುತ್ತಿತ್ತು. ಎಲ್ಲರೂ ಪ್ರೀತಿಯಿಂದಲೇ ಹೇಳುವವರು. ಸಿಟ್ಟು ಮಾಡುವುದಾದರೂ ಯಾರ ಮೇಲೆ? ಅವಳ ಜವಾಬು ಬಾಯಿತುದಿಯಲ್ಲೇ ಇತ್ತು. ಆದರೆ ನೇಮದಂತೆ ಕಂಡಕ್ಟರನಿಗೆ ಅದನ್ನು ಹಾಡುವಂತಿಲ್ಲ. ಬಾಯಿ ಮುಚ್ಚಿಕೊಂಡು ಟಿಕೆಟು ತೆಗೆದುಕೊಳ್ಳುತ್ತಿದ್ದಳು. ಕರೆದ ಹಾಡಿಕೆಗಳಿಗೆಲ್ಲ ಬರುವುದಿಲ್ಲವೆಂದಳು. ‘ಮುದುಕಿ ಅಂತ ಆಡಿಕೊಂಡಿದ್ದಕ್ಕ ನನಗ ಸಿಟ್ಟಿಲ್ಲ ತಮ್ಮಾ. ದಿನಾ ಹತ್ತ ಸಲ ಸೋಲಾಕತ್ತೇನಿ, ಜವಾಬು ಇಟ್ಕೊಂಡು’ ಎಂದಳು ಒಮ್ಮೆ.

ನನ್ನ ಫೋನಿಗೆ ಹಾಡಿಬಿಡು, ಅವನಿಗೆ ಕಳಿಸುತ್ತೇನೆ ಎಂದೆ. ‘ನಿನ್ನ ಫೋನು ನನಗ ಸವಾಲ ಹಾಕೈತೇನು?’ ಎಂದಳು. ಐದು ನಿಮಿಷ ಭೇಟಿ ಕೊಡಿಸಿ ಎಂದು ಸ್ಟಾರಿನ ಮ್ಯಾನೇಜರನಿಗೆ ಮೆಸೇಜು ಹಾಕಿದೆ. ಕೈಮುಗಿದ ಚಿತ್ರ ಒಂದು ಬಂತು. ಮತ್ತೆ ಹಾಕಿದೆ. ಮತ್ತೆ ಕೈಮುಗಿದ. ಆಯಿಗೆ ತೋರಿಸಿದರೆ, ‘ನಮಸ್ಕಾರ ಮಾಡಿದ್ರ ಆತೇನು?’ ಎಂದು ರಾಟೆ ತಿರುಗಿಸತೊಡಗಿದಳು.

ಜಮಖಂಡಿಯಲ್ಲಿ ಒಂದು ಬಟ್ಟೆ ಅಂಗಡಿಯ ಉದ್ಘಾಟನೆಗೆ ಅವನು ಬರುತ್ತಾನೆಂದು ಗೊತ್ತಾದಾಗ ನಾವಿಬ್ಬರೂ ಹೋದೆವು. ಬೆಳಿಗ್ಗೆ ಹನ್ನೊಂದರ ಬಿಸಿಲು, ರಸ್ತೆ ತುಂಬ ಜನ. ಅವನೇ ದೂರದಿಂದ ಗುರುತು ಹಿಡಿದು, ‘ನಮ್ಮ ಆಯಿ ಬಂದಾಳ, ದಾರಿ ಬಿಡ್ರಿ’ ಎಂದು ವೇದಿಕೆಗೆ ಹತ್ತಿಸಿಕೊಂಡ. ಕೈಗೆ ಮೈಕು ಕೊಟ್ಟರು. ಆಯಿ ನನ್ನತ್ತ ನೋಡಿ ತಲೆಯಾಡಿಸಿದಳು. ಆಗ ಸ್ಪೀಕರ್ ಪೆಟ್ಟಿಗೆಗಳಿಂದ ರೆಕಾರ್ಡಿನ ಹಾಡು ಶುರುವಾಯಿತು. ಅವನು ತುಟಿ ಆಡಿಸಿದ, ಸವಾಲು ಬಂತು, ಬೀಟ್ ಬಿತ್ತು, ಜನ ಹುಚ್ಚೆದ್ದು ಕುಣಿದರು. ಆಯಿ ಎಡಗೈ ಕಿವಿಗಿಟ್ಟುಕೊಂಡು ಅವನ ಮುಖ ನೋಡುತ್ತ ನಾಲ್ಕೂ ಸಾಲು ಹಾಡಿದಳು. ಅವಳ ಕತ್ತಿನ ನರ ಉಬ್ಬಿದ್ದು ನನಗೆ ಕೆಳಗಿನಿಂದ ಕಾಣುತ್ತಿತ್ತು, ದನಿ ಮಾತ್ರ ಕೇಳಲಿಲ್ಲ. ಆ ಮೈಕು ಬರೀ ಹಿಡಿದುಕೊಳ್ಳುವುದಕ್ಕೆ ಇದ್ದದ್ದು. ಅದಕ್ಕೆ ಜೀವವೇ ಇರಲಿಲ್ಲ. ಅವನು ಅವಳ ಹೆಗಲ ಮೇಲೆ ಕೈಹಾಕಿ ನಕ್ಕ, ಫೋಟೋ ತೆಗೆದರು, ಇಳಿಸಿದರು.

ವಾಪಸು ಬಸ್ಸಿನಲ್ಲಿ ಕೇಳಿದಳು. ‘ಅಂವ ನಕ್ನಲ್ಲ, ಕೇಳಿ ನಕ್ನೋ, ಫೋಟೋಕ್ಕ ನಕ್ನೋ?’

ಅವನು ‘ಮುಟ್ಟಿತು’ ಅಂದಿರಲಿಲ್ಲ. ಹಾಗಾಗಿ ದಪ್ಪು ಬೋರಲಾಗಿಯೇ ಉಳಿಯಿತು.

ಮುಂದಿನ ಬೇಸಿಗೆಗೆ ಅವಳ ಎದೆಯಲ್ಲಿ ನೀರು ತುಂಬಿತು. ತನ್ನ ತಮ್ಮನ ಮನೆಯ ಪಡಸಾಲೆಯಲ್ಲಿ ಹಾಸಿಗೆ ಹಿಡಿದಳು. ಅವಳ ಜೊತೆ ಹಾಡುತ್ತಿದ್ದ ಹಿಮ್ಮೇಳದ ಹೆಂಗಸರಿಬ್ಬರೂ ಮೊದಲೇ ತೀರಿಹೋಗಿದ್ದರು. ಒಂದು ಸಂಜೆ ನನ್ನನ್ನು ಹತ್ತಿರ ಕೂಡಿಸಿಕೊಂಡು, ‘ಜವಾಬು ಮೇಳದಾವ್ರು ಯಾರ ಹಾಡಿದ್ರೂ ನಡೀತೈತಿ. ಈಗ ನನ್ನ ಮೇಳಕ್ಕ ನೀನೊಬ್ಬನ. ನೀನ ಕತ್ತರಿಸಿದಿ, ಎಳಿ ನೀನ ಕಟ್ಟು’ ಎಂದಳು. ನನಗೆ ಹಾಡಲು ಬರುವುದಿಲ್ಲವೆಂದೆ. ‘ಗೊತ್ತೈತಿ ಬಿಡಲೇ, ಕೋಣದ ದನಿ ನಿಂದು’ ಎಂದು ಕೆಮ್ಮುತ್ತ ನಕ್ಕಳು. ಐದಾರು ದಿನ, ಒಂದೊಂದೇ ಸಾಲು, ಪಿಸುದನಿಯಲ್ಲಿ ಹೇಳಿಕೊಟ್ಟಳು. ಎಲ್ಲಿ ಉಸಿರೆಳೆದುಕೊಳ್ಳಬೇಕೆಂದು ನನ್ನ ಮೊಣಕೈ ಒತ್ತಿ ತೋರಿಸಿದಳು. ದಪ್ಪನ್ನು ನನ್ನ ಮನೆಗೆ ಕೊಟ್ಟುಕಳಿಸಿದಳು, ಬೋರಲಾಗಿಯೇ.

ಅವಳು ಹೋದ ದಿನ ಗೋಡೆಗೆ ಒರಗಿಸಿ ಕೂಡಿಸಿ ಹೂವು ಹಾಕಿದ್ದರು. ಹುಬ್ಬಿನ ಮೇಲೆ ನೂಲಿನ ಧೂಳಿರಲಿಲ್ಲ. ನನಗೆ ಬೇರೆ ಯಾರನ್ನೋ ನೋಡಿದ ಹಾಗಾಯಿತು. ಓಣಿಯ ಹುಡುಗರು ಆಯಿಗೆ ಮರ್ಯಾದೆ ಮಾಡಬೇಕೆಂದು ಟ್ರ್ಯಾಕ್ಟರಿನ ಮೇಲೆ ಸ್ಪೀಕರ್ ಪೆಟ್ಟಿಗೆ ಕಟ್ಟಿಕೊಂಡು ಬಂದು ಆ ಹಾಡನ್ನೇ ಹಚ್ಚಿದರು. ಅಳುತ್ತಲೇ ಹಚ್ಚಿದರು ಪಾಪ. ಹೆಣದ ಎದುರು ಅವನ ದನಿ ಕೇಳಿತು, ‘ಇನ್ನೇನ ಹುಡುಕಾಕ ಬಂದಿ ಆಯಿ?’ ವೈರು ನನ್ನ ಕಾಲಬಳಿಯೇ ಇತ್ತು. ಕಿತ್ತು ಹಾಡಬೇಕೆಂದುಕೊಂಡೆ. ಕೀಳಲಿಲ್ಲ. ಅವನೇ ಇಲ್ಲಿಲ್ಲವಲ್ಲ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಅವನು ಬೇರೆ ಊರಿನಲ್ಲಿದ್ದ, ಹೂವಿನ ಹಾರ ಕಳಿಸಿದ್ದ.

ಮಳೆಗಾಲದಲ್ಲಿ ಸ್ಟಾರ್ ಎರಡನೇ ಆಲ್ಬಮ್ಮಿಗೆಂದು ಸ್ಟುಡಿಯೋಗೆ ಬಂದ. ಅದೇ ಗಾಜಿನ ಕೋಣೆ, ಅದೇ ಹೆಡ್‌ಫೋನ್. ಮಾಲಕರು ಫೋನು ಬಂದು ಹೊರಗೆ ಹೋಗಿದ್ದರು. ಟ್ರ್ಯಾಕ್ ನಿಲ್ಲಿಸಿದೆ. ‘ಏನಾತ್ರಿ ಅಣ್ಣಾ?’ ಎಂದ ಒಳಗಿನಿಂದ. ನಾನು ಕೆಂಪು ಗುಂಡಿ ಒತ್ತಿ, ಅವಳು ಒತ್ತಿ ತೋರಿಸಿದ ಕಡೆಯಲ್ಲೆಲ್ಲ ಉಸಿರೆಳೆದುಕೊಂಡು, ನನ್ನ ಕೋಣದ ದನಿಯಲ್ಲಿ ಹಾಡಿದೆ:

‘ಹಲ್ಲು ಹೋದರ ಹೋಗಲೊ ಮಗನ, ನಾಲಿಗಿ ಕಾವಲ ತಪ್ಪಿತು,
ಮಂಡಿ ಹೋದರ ಹೋಗಲೊ ಮಗನ, ನಿಂತ ನಿಲ್ಲೂದ ಕಲಿತಾತು,
ನಿನ್ನ ದನಿ ಡಬ್ಬ್ಯಾಗೈತಿ, ನನ್ನ ದನಿ ಎದಿಯಾಗೈತಿ,
ಕರೆಂಟ ಹೋದಾಗ ಹಾಡೂಣು ಬಾರೊ, ಯಾರ ಯಾರನ ಹುಡುಕತಾರ!’

ಗುಂಡಿ ಬಿಟ್ಟೆ. ಅವನು ಗಾಜಿನ ಹತ್ತಿರ ಬಂದ.

‘ಯಾವಾಗಿಂದ್ರಿ ಇದು?’

‘ಅವತ್ತಿಂದ. ನೀವು ಕಾರ ಹತ್ತಿದ ಮ್ಯಾಲ ಹಾಡಿದ್ಲು. ನಾನ ತಗದೆ.’

‘ನನಗ ಯಾರೂ ಹೇಳಲಿಲ್ಲಲ್ರೀ.’ ದನಿ ಸಣ್ಣದಾಗಿತ್ತು. ಹೆಡ್‌ಫೋನ್ ತೆಗೆದು, ಟ್ರ್ಯಾಕ್ ಇಲ್ಲದೆ, ಮರುಜವಾಬಿಗೆಂದು ತನಗೆ ತಾನೇ ಒಂದು ಸಾಲು ಎತ್ತಿದ. ಅರ್ಧಕ್ಕೆ ನಿಲ್ಲಿಸಿ ತಲೆ ಅಲ್ಲಾಡಿಸಿದ. ನನ್ನ ಕಡೆ ನೋಡಿ, ‘ಮುಟ್ಟಿತ್ರಿ’ ಎಂದ. ಅವತ್ತು ಅವನು ಹಾಡಲಿಲ್ಲ. ಮಾಲಕರು ನನ್ನನ್ನು ಬೈದದ್ದಕ್ಕೆ ಲೆಕ್ಕವಿಲ್ಲ.

ಅವನಿಗೆ ಮುಟ್ಟಿತು, ನಿಜ. ಆದರೆ ಹಾಡು ಈಗಲೂ ಅಲ್ಲಿಗೇ ನಿಲ್ಲುತ್ತದೆ, ಮದುವೆಗಳಲ್ಲಿ ಜನ ಈಗಲೂ ಆ ಸವಾಲಿಗೇ ಕುಣಿಯುತ್ತಾರೆ. ಜವಾಬು ನೆನಪಿಟ್ಟುಕೊಂಡವರು ನಾವಿಬ್ಬರೇ. ಮೆರವಣಿಗೆ ನನ್ನ ಮನೆ ದಾಟುವಾಗ ಆ ಜಾಗದಲ್ಲಿ ನಾನು ಬಾಯೊಳಗೇ ನಾಲ್ಕು ಸಾಲು ಅಂದುಕೊಳ್ಳುತ್ತೇನೆ.

ಅವನು ‘ಮುಟ್ಟಿತ್ರಿ’ ಎಂದ ದಿನ ಸಂಜೆ ಮನೆಗೆ ಬಂದು ದಪ್ಪನ್ನು ಅಂಗಾತ ಮಾಡಿದೆ. ಎಡಗೈಯಲ್ಲಿ ಹಿಡಿದು ನೋಡಿದೆ. ಅವಳ ಹೆಬ್ಬೆರಳು ಕೂರುತ್ತಿದ್ದ ಕಡೆ ಬಳೆಯ ಕಟ್ಟಿಗೆ ಸವೆದು ತಗ್ಗಾಗಿತ್ತು. ನನ್ನ ಹೆಬ್ಬೆರಳು ಇಟ್ಟೆ. ಅದು ತಗ್ಗು ತುಂಬಲಿಲ್ಲ.